ಅತ್ತೆಯೊಂದಿಗೆ ದೆಹಲಿಗೆ ಎರಡು ರಾತ್ರಿ: ಮೊದಲು ಟಿಕೆಟ್, ಆಮೇಲೆ ಬುತ್ತಿ

ಪ್ರಶ್ನೆ: ನನಗೆ 48 ವರ್ಷ, ನಮ್ಮತ್ತೆಗೆ 74. ಜನವರಿ ಕೊನೆಯಲ್ಲಿ ಬೆಂಗಳೂರಿನಿಂದ ದೆಹಲಿಗೆ, ಮೈದುನನ ಮನೆಗೆ, ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಬೇಕೆಂದಿದ್ದೇವೆ. ಅತ್ತೆಗೆ ವಿಮಾನ ಬೇಡವೇ ಬೇಡ. ಮಂಡಿನೋವು, ಬಿಪಿ, ಶುಗರ್ ಮೂರೂ ಇವೆ. ಊಟಕ್ಕೆ ಮುಂಚೆ ಇನ್ಸುಲಿನ್ ತಗೋತಾರೆ. ನಮ್ಮ ಯಜಮಾನರೂ ಬರಬಹುದು, ಇನ್ನೂ ಖಚಿತವಿಲ್ಲ. ಸ್ಲೀಪರ್ ಸಾಕೋ, ಎಸಿ ಬೇಕೋ? ಇಬ್ಬರಿಗೂ ಕೆಳಗಿನ ಬರ್ತ್ ಸಿಗುವ ಹಾಗೆ ಮಾಡಬಹುದೆ? ರಾತ್ರಿ ಟಾಯ್ಲೆಟ್‌ಗೆ ಕರೆದುಕೊಂಡು ಹೋಗುವುದನ್ನು ನೆನೆಸಿಕೊಂಡರೇ ಭಯ. ಊಟಕ್ಕೆ ಏನು ಕಟ್ಟಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿ ಅತ್ತೆಯ ವಯಸ್ಸಲ್ಲ, ನಿಮ್ಮದು. ರೈಲ್ವೆಯಲ್ಲಿ ‘ಲೋಯರ್ ಬರ್ತ್/ಸೀನಿಯರ್ ಸಿಟಿಜನ್’ ಎಂಬ ಪ್ರತ್ಯೇಕ ಕೋಟಾ ಇದೆ. ಗಂಡಸರಿಗೆ 60 ತುಂಬಿರಬೇಕು; ಹೆಂಗಸರಿಗೆ 45 ಆಗಿದ್ದರೆ ಸಾಕು. ಒಬ್ಬರೇ ಹೋಗುತ್ತಿರಬೇಕು, ಇಲ್ಲವೇ ಒಂದೇ ಟಿಕೆಟ್‌ನಲ್ಲಿ ಇಬ್ಬರಿದ್ದು ಆ ಇಬ್ಬರೂ ಈ ವಯಸ್ಸಿನ ಲೆಕ್ಕಕ್ಕೆ ಸೇರಬೇಕು. ಅಂದರೆ 74ರ ಅತ್ತೆ, 48ರ ಸೊಸೆ ಇಬ್ಬರೇ ಇರುವ ಟಿಕೆಟ್ ಈ ಕೋಟಾಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಬಹಳ ಮನೆಗಳಲ್ಲಿ ಇದು ಗೊತ್ತಿಲ್ಲದೆ ‘ಅಮ್ಮನಿಗೆ ವಯಸ್ಸಾಗಿದೆ, ಕೊಟ್ಟೇ ಕೊಡುತ್ತಾರೆ’ ಎಂದು ಮಗ, ಸೊಸೆ, ಮೊಮ್ಮಗ ಎಲ್ಲರನ್ನೂ ಒಂದೇ ಟಿಕೆಟ್‌ಗೆ ಹಾಕುತ್ತಾರೆ. ಮೂರನೆಯ ಹೆಸರು ಸೇರಿದ ಕೂಡಲೇ ಕೋಟಾ ಕೈಬಿಟ್ಟಿತು.

ಆದ್ದರಿಂದ ಯಜಮಾನರು ಬರುವುದಾದರೆ ಅವರದ್ದು ಬೇರೆ ಟಿಕೆಟ್, ಜನರಲ್ ಕೋಟಾದಲ್ಲಿ. ಅವರು ಇನ್ನೊಂದು ಬೋಗಿಗೆ ಬಿದ್ದರೂ ನಷ್ಟವಿಲ್ಲ. ಎಸಿ ಬೋಗಿಗಳು ಒಳಗಿನಿಂದಲೇ ಕೂಡಿಕೊಂಡಿರುತ್ತವೆ, ಹಗಲು ಬಂದು ಹೋಗಬಹುದು. ಅತ್ತೆಯ ಪಕ್ಕದಲ್ಲಿ ಕೆಳಗೆ ಮಲಗಬೇಕಾದವರು ನೀವು, ಅವರಲ್ಲ.

ಈಗ ದಿನಾಂಕದ ಲೆಕ್ಕ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ, ಪ್ರಯಾಣದ ದಿನ ಬಿಟ್ಟು. ಜನವರಿ 28ರ ರೈಲಿಗೆ ನವೆಂಬರ್ 29ರ ಬೆಳಗ್ಗೆ 8 ಗಂಟೆಗೆ ಬಾಗಿಲು ತೆರೆಯುತ್ತದೆ. 28 ಎಂದದ್ದು ಸುಮ್ಮನೆ ಅಲ್ಲ. ಜನವರಿ 26ರ ಆಸುಪಾಸಿನಲ್ಲಿ ದೆಹಲಿಗೆ ಇಳಿದರೆ ಪೆರೇಡ್‌ನ ಬಂದೋಬಸ್ತು, ರಸ್ತೆ ಬಂದ್, ಸ್ಟೇಷನ್ ಬಾಗಿಲಲ್ಲಿ ತಪಾಸಣೆಯ ಸಾಲು. ಮಂಡಿ ನೋಯುವವರನ್ನು ಅದರಲ್ಲಿ ನಿಲ್ಲಿಸಬೇಡಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಈ ವಾರವೇ ಮುಗಿಸಿ. ಬುಕಿಂಗ್ ತೆರೆದ ದಿನ ಮೊದಲ ಸರದಿ ಆಧಾರ್ ದೃಢೀಕರಣ ಆದವರಿಗೆ ಮಾತ್ರ.

ರೈಲು ಹುಡುಕುವಾಗಲೇ ಕೋಟಾ ಎಂಬ ಜಾಗದಲ್ಲಿ ‘ಜನರಲ್’ ತೆಗೆದು ‘ಲೋಯರ್ ಬರ್ತ್/ಸೀನಿಯರ್ ಸಿಟಿಜನ್’ ಆರಿಸಿ. ಆಮೇಲೆ ಸಿಗುವ ಸೀಟುಗಳ ಸಂಖ್ಯೆ ಆ ಕೋಟಾದ್ದು. ಒಂದೊಂದು ಸ್ಲೀಪರ್ ಬೋಗಿಯಲ್ಲಿ ಆರೇಳು, ತ್ರೀ ಎಸಿಯಲ್ಲಿ ನಾಲ್ಕೈದು, ಟೂ ಎಸಿಯಲ್ಲಿ ಮೂರ್ನಾಲ್ಕು ಬರ್ತ್ ಮಾತ್ರ ಇದಕ್ಕೆ ಮೀಸಲು, ಹಾಗಾಗಿ ಬೇಗ ಖಾಲಿ. ಖಾಲಿಯಾಗಿದ್ದರೆ ಜನರಲ್‌ಗೆ ಬನ್ನಿ. ಅಲ್ಲಿ ಹೆಸರು ತುಂಬುವ ಪುಟದ ಕೆಳಗೆ ‘ಎರಡು ಲೋಯರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು’ ಎನ್ನುವ ಆಯ್ಕೆಯಿದೆ. ಮೊದಲು ಅದನ್ನು ಒತ್ತಿ ನೋಡಿ, ಆಗದಿದ್ದರೆ ‘ಕನಿಷ್ಠ ಒಂದು’ ಎನ್ನುವುದಕ್ಕೆ ಇಳಿಯಿರಿ. ತತ್ಕಾಲ್‌ನಲ್ಲಿ ಈ ಕೋಟಾ ಇಲ್ಲ. ಅದನ್ನು ನಂಬಿ ಕೂರಬೇಡಿ.

ಒಂದು ಚಿಕ್ಕ ಚೌಕವಿದೆ, ಎಲ್ಲರೂ ಖುಷಿಯಿಂದ ಟಿಕ್ ಮಾಡುವಂಥದ್ದು: ಆಟೋ ಅಪ್‌ಗ್ರೇಡ್. ಹಣ ಕೊಡದೆ ಮೇಲಿನ ದರ್ಜೆ ಸಿಗುತ್ತದೆ, ನಿಜ. ಆದರೆ ಹಾಗೆ ಸಿಕ್ಕ ದರ್ಜೆಯಲ್ಲಿ ಕೆಳಗಿನ ಬರ್ತೇ ಸಿಗುತ್ತದೆಂಬ ಖಾತ್ರಿಯಿಲ್ಲ. ಎರಡು ತಿಂಗಳು ಮೊದಲು ಕಷ್ಟಪಟ್ಟು ಹಿಡಿದ ಲೋಯರ್ ಬರ್ತ್, ಪ್ರಯಾಣಿಕರ ಅಂತಿಮ ಪಟ್ಟಿ (ಚಾರ್ಟ್) ಆಗುವ ಹೊತ್ತಿಗೆ ಅಪ್ಪರ್ ಆಗಿ ಕೂತಿರಬಹುದು. ಆ ಚೌಕ ಖಾಲಿ ಬಿಡಿ.

ಕೈಗೆ ಬಂದ ಬರ್ತ್ ಸಂಖ್ಯೆಯನ್ನು ಓದುವುದು ಸುಲಭ. ಸ್ಲೀಪರ್, ತ್ರೀ ಎಸಿ ಎರಡರಲ್ಲೂ ಎಂಟೆಂಟು ಬರ್ತ್‌ಗಳ ಗುಂಪು. ಎಂಟರಿಂದ ಭಾಗಿಸಿ: ಶೇಷ 1 ಅಥವಾ 4 ಬಂದರೆ ಕೆಳಗಿನದು, 2 ಮತ್ತು 5 ನಡುವಿನದು, 3 ಮತ್ತು 6 ಮೇಲಿನದು, 7 ಸೈಡ್ ಲೋಯರ್, ಶೇಷವೇ ಇಲ್ಲದಿದ್ದರೆ ಸೈಡ್ ಅಪ್ಪರ್. 33 ಮತ್ತು 36 ಬಂದರೆ ಹಬ್ಬ: ಎದುರುಬದುರು ಕೆಳಗಿನ ಬರ್ತ್‌ಗಳು, 72 ಬರ್ತ್‌ಗಳ ಬೋಗಿಯ ನಟ್ಟನಡುವೆ. ಆದರೆ ನಿಮ್ಮ ಅತ್ತೆಯ ವಿಷಯದಲ್ಲಿ 9ರಿಂದ 24ರವರೆಗಿನ ಜಾಗ ಇನ್ನೂ ಒಳ್ಳೆಯದು, ಟಾಯ್ಲೆಟ್ ಹತ್ತಿರ, ವಾಸನೆ ದೂರ. 1ರಿಂದ 8ರವರೆಗಿನದು ಬಾಗಿಲಿಗೆ ತೀರಾ ಅಂಟಿಕೊಂಡಿದ್ದು, ರಾತ್ರಿಯಿಡೀ ಅದರ ಧಡಾರ್ ಶಬ್ದ. ಇದನ್ನು ನೀವು ಆರಿಸಲು ಬರುವುದಿಲ್ಲ, ಸಿಕ್ಕಾಗ ಸಿದ್ಧರಿರಲು ಹೇಳಿದೆ. ಸೈಡ್ ಲೋಯರ್ ಬಂದರೆ ಎರಡು ಸೀಟು ಮಡಚಿ ಮಾಡಿದ ಹಾಸಿಗೆಯ ನಡುವೆ ಸಂದು ಇರುತ್ತದೆ, ಸೊಂಟಕ್ಕೆ ಸರಿಯಾಗಿ ಅಲ್ಲೇ. ಒಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹಾಸಿ.

ಸ್ಲೀಪರೋ ಎಸಿಯೋ ಎಂದರೆ, ಜನವರಿಗೆ ಎಸಿಯೇ. ತ್ರೀ ಎಸಿ ದರ ಸ್ಲೀಪರ್‌ಗಿಂತ ಎರಡೂವರೆ ಪಟ್ಟು ಹೆಚ್ಚುಕಮ್ಮಿ. ವಯಸ್ಸಾದವರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ, ಹಾಗಾಗಿ ಪೂರ್ತಿ ಹಣವೇ. ಮೊದಲ ರಾತ್ರಿ ಗುಂತಕಲ್, ರಾಯಚೂರು ಕಡೆ ಸ್ಲೀಪರ್‌ನಲ್ಲೂ ಸುಖವಾಗಿ ಹೋದೀತು. ತೊಂದರೆ ಎರಡನೆಯ ರಾತ್ರಿ. ಇಟಾರ್ಸಿ, ಭೋಪಾಲ್, ಝಾನ್ಸಿ ದಾಟುವಾಗ ಕಿಟಕಿಯ ಶಟರ್ ಎಷ್ಟೇ ಒತ್ತಿ ಇಳಿಸಿದರೂ ಸಂದಿನಿಂದ ಬರುವ ಗಾಳಿ ಕತ್ತಿಯ ಹಾಗಿರುತ್ತದೆ, ಅದೂ ಕೆಳಗಿನ ಬರ್ತ್‌ನವರ ತಲೆಗೇ. ಸ್ಲೀಪರ್‌ನಲ್ಲಿ ಹೊದಿಕೆಯನ್ನೂ ಕೊಡುವುದಿಲ್ಲ. ತ್ರೀ ಎಸಿಯಲ್ಲಿ ಎರಡು ಬೆಡ್‌ಶೀಟ್, ಕಂಬಳಿ, ದಿಂಬು ಸಿಗುತ್ತದೆ. ಅದರ ಮೇಲೆ ಕಾಲುಚೀಲ, ಕಿವಿ ಮುಚ್ಚುವ ಕುಲಾವಿ ನಿಮ್ಮದು.

ಟೂ ಎಸಿಗೆ ಹಣ ಹೊಂದಿದರೆ ಅದಕ್ಕೊಂದು ನಿಜವಾದ ಕಾರಣವಿದೆ: ಅಲ್ಲಿ ನಡುವಿನ ಬರ್ತ್ ಇಲ್ಲ. ತ್ರೀ ಎಸಿಯಲ್ಲಿ ರಾತ್ರಿ ನಡುವಿನ ಬರ್ತ್ ಎತ್ತಿ ಕಟ್ಟಿದ ಮೇಲೆ ಕೆಳಗಿನವರು ನೆಟ್ಟಗೆ ಕೂರಲು ಆಗುವುದಿಲ್ಲ, ತಲೆ ಬಗ್ಗಿಸಿಯೇ ಏಳಬೇಕು. ಎದೆಯುರಿ ಇರುವವರಿಗೆ, ನಡುರಾತ್ರಿ ಎದ್ದು ಸ್ವಲ್ಪ ಹೊತ್ತು ಕೂರುವ ಅಭ್ಯಾಸ ಇರುವವರಿಗೆ ಇದು ಹಿಂಸೆ. ತ್ರೀ ಎಸಿ ಎಕಾನಮಿ ಕಂಡರೆ ಆಸೆಪಡಬೇಡಿ. ಅದೇ ಉದ್ದದ ಬೋಗಿಯಲ್ಲಿ ಇನ್ನಷ್ಟು ಬರ್ತ್ ತುರುಕಿದ್ದು, ಕಾಲಿಡಲು ಜಾಗ ಕಮ್ಮಿ.

ಮಲಗುವ ಹಕ್ಕು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ. ಉಳಿದ ಹೊತ್ತು ಕೆಳಗಿನ ಬರ್ತ್ ಎಂದರೆ ಮೂರು ಜನರ ಸೀಟು. ಕಾಯಿಲೆಯವರು, ಅಂಗವಿಕಲರು, ಗರ್ಭಿಣಿಯರಿಗೆ ಈ ಸಮಯ ಮೀರಿ ಮಲಗಲು ಸಹಕರಿಸಬೇಕೆಂದು ರೈಲ್ವೆಯ ಸೂಚನೆಯೇ ಇದೆ. ಆದರೂ ನಿಯಮ ಓದಿ ಹೇಳುವುದಕ್ಕಿಂತ ಹತ್ತಿದ ಹತ್ತೇ ನಿಮಿಷದಲ್ಲಿ ಮಧ್ಯದ ಬರ್ತ್‌ನವರಿಗೆ ಎರಡು ಚಕ್ಕುಲಿ ಕೊಟ್ಟು ‘ಅಮ್ಮನಿಗೆ ಮಂಡಿನೋವು’ ಎಂದರೆ ಕೆಲಸ ಬೇಗ ಆಗುತ್ತದೆ.

ಹತ್ತುವುದು, ಇಳಿಯುವುದು. ಕೆಎಸ್‌ಆರ್ ಬೆಂಗಳೂರಿನಿಂದ ರೈಲು ಹೊರಡುವುದು ಸಂಜೆ ಏಳು ದಾಟಿದ ಮೇಲೆ, ಅಂದರೆ ಮೆಜೆಸ್ಟಿಕ್ ಸುತ್ತ ವಾಹನ ಕಿಕ್ಕಿರಿದಿರುವ ಹೊತ್ತು. ಒಂದು ಗಂಟೆ ಮುಂಚೆ ಸ್ಟೇಷನ್ ಒಳಗಿರಿ. ಸ್ಟೇಷನ್ ಮ್ಯಾನೇಜರ್ ಕಚೇರಿಯಲ್ಲಿ ಕೇಳಿದರೆ ವೀಲ್‌ಚೇರ್ ಕೊಡುತ್ತಾರೆ. ತಳ್ಳುವುದಕ್ಕೆ ಕೂಲಿಯವರ ಜತೆ ಮೊದಲೇ ಮಾತಾಡಿ ದರ ಗೊತ್ತುಮಾಡಿಕೊಳ್ಳಿ. ‘ನಡೀತೀನಿ ಬಿಡೇ’ ಎಂದು ಅತ್ತೆ ಹೇಳಿಯೇ ಹೇಳುತ್ತಾರೆ. ಪ್ಲಾಟ್‌ಫಾರ್ಮ್‌ನ ಈ ತುದಿಯಿಂದ ಆ ತುದಿಗೆ ನಡೆದು ಬಂದ ಮಂಡಿ ಬೋಗಿಯ ಮೆಟ್ಟಿಲು ಹತ್ತುವಾಗ ಕೈಕೊಡುತ್ತದೆ, ಅದನ್ನು ಹೇಳಿ.

ಮೆಟ್ಟಿಲಿಗೆ ಸೂತ್ರ ಒಂದೇ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಎರಡೂ ಕೈ ಹಿಡಿಕೆಗಳ ಮೇಲೆ, ಹೆಗಲಲ್ಲಿ ಚೀಲ ಇರಕೂಡದು. ಹತ್ತುವಾಗ ನೀವು ಅವರ ಹಿಂದೆ, ಕೆಳಗೆ ನಿಲ್ಲಿ. ಇಳಿಯುವಾಗ ನೀವು ಮೊದಲು ಇಳಿದು ಕೆಳಗೆ ನಿಂತುಕೊಳ್ಳಿ, ಅವರು ಮುಖ ಬೋಗಿಯ ಕಡೆ ಮಾಡಿ ಏಣಿ ಇಳಿದ ಹಾಗೆ ಹಿಮ್ಮುಖವಾಗಿ ಇಳಿಯಲಿ. ಸಾಮಾನು ಇಳಿಸುವ ಕೆಲಸ ಇನ್ನೊಬ್ಬರದು. ರಟ್ಟೆ ಹಿಡಿದು ಮೇಲಕ್ಕೆ ಎಳೆಯುವವರು ಬರುತ್ತಾರೆ, ಪ್ರೀತಿಯಿಂದಲೇ. ಬೇಡ ಅನ್ನಿ, ಭುಜ ಉಳುಕುವುದು ಹೀಗೇ.

ಇನ್ನು ನೀವು ಹೆದರಿರುವ ವಿಷಯ. ಟಾಯ್ಲೆಟ್‌ಗಿಂತ ದೊಡ್ಡ ಅಪಾಯ ಅದರ ಭಯದಿಂದ ಹುಟ್ಟುತ್ತದೆ: ಸೊಸೆಗೆ ತೊಂದರೆ ಯಾಕೆ ಎಂದು ಹಿರಿಯರು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ಮಲಬದ್ಧತೆ, ಉರಿಮೂತ್ರ. ಬಿಪಿಯ ಮಾತ್ರೆ ನುಂಗಿದವರು ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ. ಬಿದ್ದದ್ದು ಟಾಯ್ಲೆಟ್‌ನಲ್ಲಿ ಎಂದು ಕಾಣುತ್ತದೆ, ಬೀಳಿಸಿದ್ದು ಕುಡಿಯದೆ ಬಿಟ್ಟ ನೀರು. ವೈದ್ಯರು ಹೃದಯಕ್ಕೋ ಕಿಡ್ನಿಗೋ ನೀರು ಮಿತಿ ಮಾಡಿಲ್ಲದಿದ್ದರೆ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಮುಕ್ಕಾಲು ಲೋಟ, ಸುಮಾರು 150 ಮಿಲಿ ಲೀಟರ್ ಕುಡಿಸಿ. ಸಂಜೆಯ ಮೇಲೆ ಗುಟುಕು ಗುಟುಕು, ಮಾತ್ರೆಗೆ ಬೇಕಾದಷ್ಟು. ರಾತ್ರಿ ಕಾಫಿ ಬೇಡ. ನೀರಿಳಿಸುವ ಬಿಪಿ ಮಾತ್ರೆ ಇದ್ದರೆ ಆ ಎರಡು ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಹೋಗುವ ಕ್ರಮ ಇದು. ಮಲಗಿದವರು ಮೊದಲು ಎದ್ದು ಕಾಲು ಕೆಳಗೆ ಬಿಟ್ಟು ಒಂದು ನಿಮಿಷ ಕೂರಲಿ, ಹಿಮ್ಮಡಿ ಹತ್ತು ಸಲ ಎತ್ತಿ ಇಳಿಸಲಿ. ರೈಲು ಒಂದೇ ವೇಗದಲ್ಲಿ ಓಡುತ್ತಿರುವಾಗ ಹೊರಡಿ. ದೊಡ್ಡ ಸ್ಟೇಷನ್ ಹತ್ತಿರ ಬಂದಾಗ ಹಳಿ ಬದಲಾಗುತ್ತಾ ಬೋಗಿ ಅಡ್ಡಡ್ಡ ಎಸೆಯುತ್ತದೆ. ಹೊರಡುವಾಗ, ನಿಲ್ಲುವಾಗ ಜರ್ಕ್ ಹೊಡೆಯುತ್ತದೆ. ಆಗ ನಡುದಾರಿಯಲ್ಲಿ ಇರಬೇಡಿ. ಕಾಲಿಗೆ ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ, ರಾತ್ರಿ ನೈಟಿಯೇ ಅನುಕೂಲ. ನೀವು ಮೊದಲು ಒಳಗೆ ಹೋಗಿ ನೆಲದಲ್ಲಿ ನೀರು ನಿಂತಿದ್ದರೆ ಹಳೆಯ ಪೇಪರ್ ಹಾಕಿ ಒರೆಸಿ, ಕಮೋಡ್‌ನ ಸೀಟು ಒರೆಸಿ, ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಿ. ಅತ್ತೆ ಒಂದು ಕೈಯಲ್ಲಿ ಗೋಡೆಯ ಹಿಡಿಕೆ ಬಿಡದೆ ಕೂರಲಿ. ಒಳಗಿನಿಂದ ಚಿಲಕ ಹಾಕುವುದು ಬೇಡ. ನೀವು ಹೊರಗೆ ಬಾಗಿಲು ಹಿಡಿದು ನಿಂತಿರುತ್ತೀರಲ್ಲ. ಬೆಳಗ್ಗೆ 5 ಗಂಟೆಗೇ ಈ ಕೆಲಸ ಮುಗಿಸಿದರೆ ನೆಲ ಒಣಗಿರುತ್ತದೆ, ಸಾಲು ಇರುವುದಿಲ್ಲ. ರಾತ್ರಿ ತಡೆಯಲಾಗದೆಂಬ ಅನುಮಾನ ಇದ್ದರೆ ಚಡ್ಡಿಯಂತೆ ಏರಿಸಿಕೊಳ್ಳುವ ಡೈಪರ್ ತನ್ನಿ, ಮನೆಯಲ್ಲಿ ಒಂದು ರಾತ್ರಿ ಹಾಕಿ ಅಭ್ಯಾಸ ಮಾಡಿಸಿ. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಬಯೋ ಟಾಯ್ಲೆಟ್‌ಗೆ ಹಾಕಿದರೆ ಕಟ್ಟಿಕೊಂಡು ಇಡೀ ಬೋಗಿಗೆ ಒಂದು ಟಾಯ್ಲೆಟ್ ಕಮ್ಮಿ.

ಬುತ್ತಿಯ ವಿಷಯದಲ್ಲಿ ನಿಮಗೆ ಪಾಠ ಬೇಕಿಲ್ಲ, ಹೊತ್ತಿನ ಲೆಕ್ಕ ಮಾತ್ರ ಹೇಳುತ್ತೇನೆ. ಮನೆಯ ಊಟ ಮೊದಲ ರಾತ್ರಿ, ಮರುದಿನ ಬೆಳಗ್ಗೆ, ಎಳೆದರೆ ಮಧ್ಯಾಹ್ನ. ಮೊದಲ ರಾತ್ರಿಗೆ ಚಪಾತಿ, ನೀರಿಲ್ಲದ ಪಲ್ಯ, ಅದರ ಜತೆ ಮೊಸರನ್ನ; ಕೆನೆಹಾಲು ಹೆಚ್ಚು ಹಾಕಿ ಮೊಸರು ಒಂದೇ ಚಮಚ ಬೆರೆಸಿದರೆ ಎಂಟೂವರೆಗೆ ಹದವಾಗಿರುತ್ತದೆ, ಉಳಿಸಿಕೊಳ್ಳಬೇಡಿ. ಮರುದಿನಕ್ಕೆ ಹಾಲಿನಲ್ಲಿ ಕಲಸಿದ ಹಿಟ್ಟಿನ ಚಪಾತಿ ಎಂಟು, ಶೇಂಗಾ ಚಟ್ನಿಪುಡಿ. ಕಾಯಿಚಟ್ನಿ ಬೇಡ. ಪುಳಿಯೋಗರೆ ಮಾಡುವುದಾದರೆ ಅನ್ನವನ್ನು ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ ಆಮೇಲೆ ಕಲಸಿ ಡಬ್ಬಿ ಮುಚ್ಚಿ. ಬಿಸಿಯಿರುವಾಗಲೇ ಮುಚ್ಚಿದ ಅನ್ನ ಒಳಗೇ ಬೆವರಿ ಹಳಸುತ್ತದೆ. ಹುಣಿಸೆ, ಎಳ್ಳೆಣ್ಣೆ ಎಷ್ಟಿದ್ದರೂ ಉಳಿಸುವುದಿಲ್ಲ. ಅತ್ತೆಗೆ ಅದರಲ್ಲಿ ಒಂದು ಸಣ್ಣ ಬಟ್ಟಲು ಸಾಕು. ಹುರಿಗಡಲೆ, ಎರಡು ಸೇಬು, ಸೌತೆಕಾಯಿ ಇರಲಿ. ಎರಡನೆಯ ರಾತ್ರಿಗೆ ಪ್ಯಾಂಟ್ರಿಯ ಊಟ, ಇಲ್ಲವೇ 1323ಕ್ಕೆ ಕರೆ ಮಾಡಿ ಪಿಎನ್‌ಆರ್ ಹೇಳಿದರೆ ಮುಂದಿನ ದೊಡ್ಡ ಸ್ಟೇಷನ್‌ನಲ್ಲಿ ಸೀಟಿಗೇ ತಂದುಕೊಡುವ ಇ-ಕೇಟರಿಂಗ್.

ಇಲ್ಲೇ ಇನ್ಸುಲಿನ್‌ನ ಎಚ್ಚರ. ಊಟದ ಡಬ್ಬಿ ಕೈಗೆ ಬಂದು, ಮುಚ್ಚಳ ತೆಗೆದು, ತಿನ್ನುವ ಹಾಗಿದೆ ಎಂದು ನೋಡಿದ ಮೇಲೆಯೇ ಸೂಜಿ. ‘ಐದು ನಿಮಿಷ, ಬಂದೇಬಿಟ್ಟೆ’ ಎಂದ ಪ್ಯಾಂಟ್ರಿ ಹುಡುಗ ಮೂರು ಬೋಗಿ ದಾಟಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರಬಹುದು. ಸಿಗ್ನಲ್‌ನಲ್ಲಿ ರೈಲು ನಿಂತರೆ ಸ್ಟೇಷನ್‌ನ ಊಟ ಇನ್ನೂ ತಡ. ಬೆವರು, ನಡುಕ, ಮಾತು ತಬ್ಬಿಬ್ಬಾಗುವುದು ಕಂಡರೆ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಗ್ಲುಕೋಮೀಟರ್‌ನಲ್ಲಿ ನೋಡಿ, ಏರದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ. ಬಳಕೆಯಲ್ಲಿರುವ ಪೆನ್ ಎಸಿ ಬೋಗಿಯ ತಂಪಿಗೆ ಕೈಚೀಲದಲ್ಲೇ ಇರಲಿ. ಐಸ್‌ಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಳಸಿದ ಸೂಜಿ ಹಾಕಲು ಒಂದು ದಪ್ಪ ಪ್ಲಾಸ್ಟಿಕ್ ಬಾಟಲಿ.

ಮಾತ್ರೆಗಳು ಸೂಟ್‌ಕೇಸ್‌ನಲ್ಲಲ್ಲ, ತಲೆದಿಂಬಿನ ಪಕ್ಕದ ಒಂದು ಸಣ್ಣ ಚೀಲದಲ್ಲಿ: ಪ್ರಯಾಣದ ಎರಡು ದಿನಕ್ಕೆ, ಜತೆಗೆ ಇನ್ನೆರಡು ದಿನಕ್ಕೆ ಹೆಚ್ಚುವರಿ. ಅದೇ ಚೀಲದಲ್ಲಿ ಔಷಧಿ ಚೀಟಿ, ಟಾರ್ಚ್, ಕನ್ನಡಕ, ಹಲ್ಲಿನ ಸೆಟ್ ಇದ್ದರೆ ಅದರ ಡಬ್ಬಿ (ಟಿಶ್ಯೂದಲ್ಲಿ ಸುತ್ತಿಟ್ಟ ಹಲ್ಲಿನ ಸೆಟ್ ಬೆಳಗ್ಗೆ ಕಸದ ಜತೆ ಹೋಗುವುದು ಸಾಮಾನ್ಯ), ಮತ್ತು ಅಸಲು ಆಧಾರ್. ಕೋಟಾದ ಟಿಕೆಟ್‌ಗೆ ವಯಸ್ಸಿನ ದಾಖಲೆ ಇಬ್ಬರದೂ ಬೇಕು. ಹಗಲು ಎರಡು ಗಂಟೆಗೊಮ್ಮೆ ನಡುದಾರಿಯಲ್ಲಿ ಒಂದು ಸುತ್ತು ನಡೆಸಿ. ಕೂತಿರುವಾಗ ಕಾಲ ಕೆಳಗೆ ಒಂದು ಚೀಲ ಇಟ್ಟರೆ ಪಾದ ಅಷ್ಟು ಊದುವುದಿಲ್ಲ.

ಆರೋಗ್ಯ ಕೆಟ್ಟರೆ ಮೊದಲು ಟಿಟಿಇ, ಅದೇ ಹೊತ್ತಿಗೆ 139. ಪಿಎನ್‌ಆರ್, ಬೋಗಿ, ಬರ್ತ್, ವಯಸ್ಸು, ಏನಾಗಿದೆ, ಈಗ ದಾಟಿದ ಸ್ಟೇಷನ್ ಯಾವುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ. ವೈದ್ಯರು ಎಲ್ಲ ಸ್ಟೇಷನ್‌ಗೂ ಬರುವುದಿಲ್ಲ. ಈ ದಾರಿಯಲ್ಲಿ ಗುಂತಕಲ್, ಸೊಲ್ಲಾಪುರ, ಭುಸಾವಲ್, ಭೋಪಾಲ್, ಝಾನ್ಸಿ, ಆಗ್ರಾ ರೈಲ್ವೆ ವಿಭಾಗಗಳ ಕೇಂದ್ರಗಳು, ರೈಲ್ವೆಯ ವೈದ್ಯರು ಸಿಗುವ ಭರವಸೆ ಹೆಚ್ಚು. ಆದ್ದರಿಂದ ಭುಸಾವಲ್‌ಗೆ ಮುಂಚೆ ಅನುಮಾನ ಬಂದ ತೊಂದರೆಯನ್ನು ‘ರಾತ್ರಿ ನೋಡೋಣ’ ಎಂದು ಮುಂದಕ್ಕೆ ತಳ್ಳಬೇಡಿ; ಅದಾದ ಮೇಲೆ ಭೋಪಾಲ್‌ವರೆಗೆ ಗಂಟೆಗಟ್ಟಲೆ ದಾರಿ.

ಜನವರಿಯಾದ್ದರಿಂದ ಮಂಜು. ಝಾನ್ಸಿಯಿಂದ ಆಚೆ ಸಿಗ್ನಲ್ ಕಾಣದೆ ರೈಲು ತೆವಳುತ್ತದೆ, ಬೆಳಗ್ಗೆ ತಲುಪಬೇಕಾದ್ದು ಮಧ್ಯಾಹ್ನವಾಗಬಹುದು. ಆ ಹೊತ್ತಿಗೆ ಮನೆಯ ಊಟ ಮುಗಿದಿರುತ್ತದೆ. ಒಂದು ಹೊತ್ತಿನ ತಿಂಡಿಯನ್ನು ‘ಮಂಜಿನದು’ ಎಂದು ಬೇರೆಯಾಗಿ ಕಟ್ಟಿಡಿ: ತೆಳು ಅವಲಕ್ಕಿ ಒಗ್ಗರಣೆ, ಎರಡು ಪ್ಯಾಕೆಟ್ ಬಿಸ್ಕತ್ತು. ಆಗ್ರಾ ದಾಟುವವರೆಗೆ ಮುಟ್ಟಬೇಡಿ.

ನವದೆಹಲಿ ಈ ರೈಲಿನ ಕೊನೆಯ ನಿಲ್ದಾಣ, ಇಳಿಯಲು ಆತುರವಿಲ್ಲ. ಬಾಗಿಲಲ್ಲಿ ನೂಕುನುಗ್ಗಲು ಕರಗುವವರೆಗೆ ಅತ್ತೆಯನ್ನು ಸೀಟಿನಿಂದ ಏಳಿಸಬೇಡಿ. ಮೈದುನನಿಗೆ ಬೋಗಿ ಸಂಖ್ಯೆ ಹಿಂದಿನ ರಾತ್ರಿಯೇ ಕಳಿಸಿ, ಪ್ಲಾಟ್‌ಫಾರ್ಮ್ ಟಿಕೆಟ್ ಪಡೆದು ಬೋಗಿಯ ಬಾಗಿಲಿಗೇ ವೀಲ್‌ಚೇರ್ ಸಮೇತ ಬರಲಿ. ಸ್ಟೇಷನ್‌ಗೆ ಎರಡು ಮುಖ: ಒಂದನೆಯ ಪ್ಲಾಟ್‌ಫಾರ್ಮ್ ಇರುವ ಕಡೆ ಪಹಾಡ್‌ಗಂಜ್, 16ನೆಯದಿರುವ ಕಡೆ ಅಜ್ಮೇರಿ ಗೇಟ್. ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ. ಕಾರು ನಿಲ್ಲಿಸುವ ಮೊದಲು ರೈಲು ಯಾವ ಪ್ಲಾಟ್‌ಫಾರ್ಮ್‌ಗೆ ಬರುತ್ತಿದೆ ಎಂದು 139ರಲ್ಲಿ ಕೇಳಲಿ. ತಪ್ಪು ಮುಖದಲ್ಲಿ ನಿಲ್ಲಿಸಿದರೆ ಮೇಲ್ಸೇತುವೆ ಪೂರ್ತಿ ದಾಟಿ ಬರಬೇಕು, ಅದೂ ಅತ್ತೆಯ ಜತೆ.

ವಾಪಸು ಬರುವ ಟಿಕೆಟ್‌ಗೂ ಇದೇ ಕೋಟಾ, ಇದೇ 60 ದಿನ, ಇಬ್ಬರದೇ ಹೆಸರು. ಮೈದುನ ‘ನಾನು ತತ್ಕಾಲ್‌ನಲ್ಲಿ ಮಾಡಿಸ್ತೀನಿ ಅತ್ತಿಗೆ, ನೀವು ಬನ್ನಿ’ ಎಂದರೆ ಒಪ್ಪಬೇಡಿ.